ಗುರುಪಾದನ ಆನೆ

ಕುಸ್ತಿ ಬಿಟ್ಟು ಆಶ್ರಮ ಸೇರಿದ ಗುರುಪಾದನಿಗೆ ಅಲ್ಲಿನ ಗುರು ತಾಯಿ ಚಂಪಕಾಂಬೆ ಮಂತ್ರ ಕೊಡಲಿಲ್ಲ. ಒಂದು ಉಣ್ಣೆಯ ಉಂಡೆ, ಒಂದು ಕ್ರೋಶಾ ಕಡ್ಡಿ ಕೊಟ್ಟರು.

"ಗೊಂಬೆ ಹೆಣೆಯೋದು ಕಲಿ," ಎಂದರು.

ನದಿಯ ಆಚೆ ದಡದಲ್ಲಿ ಮಕ್ಕಳ ಆಸ್ಪತ್ರೆಯಿತ್ತು. ತಾಯಿ ಹೆಣೆದ ಮೊಲ, ಬೆಕ್ಕು, ಆಮೆಗಳು ದೋಣಿಯೇರಿ ಅಲ್ಲಿಗೆ ಹೋಗುತ್ತಿದ್ದವು.

ಗುರುಪಾದ ಮರದ ಕೆಳಗೆ ಕೂತು ಹೆಣೆಯತೊಡಗಿದ. ಕುಣಿಕೆಗಳನ್ನು ಎಷ್ಟು ಬಿಗಿದನೆಂದರೆ ಕಡ್ಡಿಯ ಕೊಕ್ಕೆಯೇ ಒಳಗೆ ಹೋಗದಾಯಿತು. ಬೆವರು ಕಿತ್ತುಬಂತು.

ತಾಯಿ ಬಗ್ಗಿ ನೋಡಿದರು. "ಯಾರನ್ನು ಹಿಡ್ಕೊಂಡಿದ್ದೀಯಪ್ಪ?"

"ದಾರ, ತಾಯಿ."

"ಅದು ಓಡಿಹೋಗಲ್ಲ, ಬಿಡು."

ಬಿಟ್ಟ. ಹೆಣಿಗೆ ಜಾಳುಜಾಳಾಗಿ ಜರಡಿಯಂತಾಯಿತು. ಬಿಚ್ಚಿದ. ಮತ್ತೆ ಹೆಣೆದ. ಈ ಸಲ ಅಂಚು ದೋಸೆಯ ಹಾಗೆ ಸುರುಳಿಕೊಂಡಿತು. ಅದನ್ನೂ ಬಿಚ್ಚಿದ. ಬಿಚ್ಚಿ ಬಿಚ್ಚಿ ಬೂದು ಉಣ್ಣೆಯ ಎಳೆ ಕೆದರಿ ಅದಕ್ಕೆ ಮೀಸೆ ಬಂತು.

ಅವನ ಅವಸರಕ್ಕೆ ಕಾರಣವಿತ್ತು. ಹಿಂದಿನ ವಾರ ಗೊಂಬೆಯ ಬುಟ್ಟಿ ಹೊತ್ತು ಆಸ್ಪತ್ರೆಗೆ ಹೋದವನು ಅವನೇ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಕಸ್ತೂರಿ ಎಂಬ ಪುಟ್ಟ ಹುಡುಗಿ ಬುಟ್ಟಿಯನ್ನೆಲ್ಲ ಕೆದಕಿ, "ಆನೆ ಇಲ್ವಾ?" ಎಂದು ಗೋಡೆಯ ಕಡೆ ತಿರುಗಿಬಿಟ್ಟಿದ್ದಳು. ಆಸ್ಪತ್ರೆಗೆ ಬಂದಾಗಿನಿಂದ ಆ ಮಗು ನಕ್ಕೇ ಇಲ್ಲ ಎಂದಿದ್ದಳು ನರ್ಸು. "ನಾನೇ ಮಾಡಿ ತರ್ತೀನಿ," ಎಂದು ಗುರುಪಾದ ಮಾತು ಕೊಟ್ಟಿದ್ದ.

ಮುಂದಿನ ದೋಣಿ ಹೊರಡುವ ದಿನ ಬಂತು. ಆನೆಯ ತಲೆ ಮಾತ್ರ ಆಗಿತ್ತು. ಅದೂ ಒಂದು ಕಡೆ ಉಬ್ಬಿತ್ತು.

"ತಾಯಿ, ನೀವೇ ಒಂದು ಆನೆ ಮಾಡಿಕೊಡಿ. ಇದನ್ನು ಬಿಚ್ಚಿಬಿಡ್ತೀನಿ."

ತಾಯಿ ಆ ತಲೆಯನ್ನು ಇಸಿದುಕೊಂಡು, ಸೂಜಿಗೆ ದಾರ ಪೋಣಿಸಿ, ಎರಡು ಕರಿಮಣಿಗಳನ್ನು ಕಣ್ಣಾಗಿ ಹೊಲಿದು ಅವನ ಅಂಗೈಯಲ್ಲಿಟ್ಟರು.

"ಈಗ ಬಿಚ್ಚು."

ಗುರುಪಾದ ದಾರದ ತುದಿ ಹಿಡಿದ. ಆನೆ ಅವನನ್ನೇ ನೋಡುತ್ತಿತ್ತು. ಕೈ ಏಳಲಿಲ್ಲ.

"ಇದು ನನ್ನನ್ನೇ ನೋಡ್ತಿದೆ, ತಾಯಿ."

"ಹೊಟ್ಟೆ ಎಲ್ಲಿ ಅಂತ ಕೇಳ್ತಿರಬೇಕು."

ಅವನು ಊಟಕ್ಕೂ ಏಳದೆ ಹೊಟ್ಟೆ ಹೆಣೆದ, ಹತ್ತಿ ತುಂಬಿದ, ಕಾಲು ಕೂಡಿಸಿದ. ಸೊಂಡಿಲು ಮೋಟಾಯಿತು.

"ಬಿಚ್ಚಿ ಉದ್ದ ಮಾಡಲೇ?"

"ನನ್ನನ್ನು ಯಾಕೆ ಕೇಳ್ತೀಯ? ಸೊಂಡಿಲು ಯಾರದೋ ಅವರನ್ನು ಕೇಳು."

ಗುರುಪಾದ ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಆನೆಯನ್ನು ಮುಖದ ಹತ್ತಿರ ತಂದು ಮೆಲ್ಲಗೆ ಕೇಳಿಯೇಬಿಟ್ಟ. ಆಮೇಲೆ ಅದನ್ನು ಜೇಬಿಗಿಳಿಸಿ ದೋಣಿಯ ಕಡೆಗೆ ಓಡಿದ.

ಕಸ್ತೂರಿ ಆನೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಕುಸ್ತಿ ಕಣದಲ್ಲೂ ಗುರುಪಾದನ ಎದೆ ಅಷ್ಟು ಹೊಡೆದುಕೊಂಡಿರಲಿಲ್ಲ.

"ಇದೇನು?"

"ಆನೆ."

"ಅಲ್ಲ, ಹೆಗ್ಗಣ!"

ಹುಡುಗಿ ಕಿಲಕಿಲ ನಕ್ಕಳು. ಪಕ್ಕದ ಮಂಚದ ಮಗುವಿಗೆ ತೋರಿಸಿ ನಕ್ಕಳು, ನರ್ಸನ್ನು ಕರೆದು ತೋರಿಸಿ ನಕ್ಕಳು. ಕೊನೆಗೆ ಗಲ್ಲದ ಕೆಳಗೆ ಅವುಚಿಕೊಂಡು, "ಇದಕ್ಕೊಂದು ಜೊತೆ ಬೇಕು. ಥೇಟ್ ಹೀಗೇ ಇರಬೇಕು," ಎಂದು ಅಪ್ಪಣೆ ಮಾಡಿದಳು.

ಗುರುಪಾದ ಖುಷಿಯಲ್ಲಿ ತೇಲುತ್ತ ನದಿ ದಾಟಿದ. ಈಚೆ ದಡ ಮುಟ್ಟುವಷ್ಟರಲ್ಲಿ ಮುಖ ಸಪ್ಪಗಾಗಿತ್ತು.

"ಏನಾಯ್ತು?" ಎಂದರು ತಾಯಿ.

"ನಕ್ಕಳು ತಾಯಿ, ಹೊಟ್ಟೆ ಹಿಡ್ಕೊಂಡು ನಕ್ಕಳು. ಆದರೆ ಥೇಟ್ ಅಂಥದ್ದೇ ಇನ್ನೊಂದು ಬೇಕಂತೆ. ಅದು ಹಾಗೆ ಹೇಗಾಯ್ತೋ ನನಗೇ ಗೊತ್ತಿಲ್ಲ. ಅಂಥದ್ದು ಮಾಡೋಕೆ ನನಗೆ ಬರಲ್ಲ."

ತಾಯಿ ಚಾಪೆಯ ಮೇಲೆ ಜಾಗ ಮಾಡಿ, ತಮಗೂ ಒಂದು ಕಡ್ಡಿ ತೆಗೆದುಕೊಂಡರು.

"ನನಗೂ ಬರಲ್ಲ. ಬಾ, ಇಬ್ಬರೂ ಕಲಿಯೋಣ."