ತೊಡೆನಾಳಕ್ಕೆ ತಪ್ಪಿದ ಗೌರವ

ಕೊಟ್ರವ್ವನ ಹೃದಯಕ್ಕೆ ಸ್ಟೆಂಟ್ ಹಾಕುವ ದಿನ ಅವಳ ತೊಡೆಸಂದಿನ ರಕ್ತನಾಳ ಬೆಳಿಗ್ಗೆಯಿಂದಲೇ ಬೀಗುತ್ತಿತ್ತು. ಹೃದಯಕ್ಕೆ ಕೊಳವೆ ತೂರಿಸಲು ತನ್ನಷ್ಟು ಅಗಲವಾದ ದಾರಿ ಇನ್ನೆಲ್ಲಿದೆ ಎಂಬುದು ಅದರ ಹೆಮ್ಮೆ. ಆದರೆ ಡಾಕ್ಟರು ಅವಳ ಬಲಗೈ ಬಳೆಗಳನ್ನು ತೆಗೆಸಿ, ಮಣಿಕಟ್ಟಿನ ರಕ್ತನಾಳವನ್ನು ಮುಟ್ಟಿ ನೋಡಿದರು.

"ಹೆದ್ದಾರಿ ಬಿಟ್ಟು ಓಣಿಯಲ್ಲಿ ಲಾರಿ ನುಗ್ಗಿಸುತ್ತಾರಂತೆ," ಎಂದು ತೊಡೆನಾಳ ಮೂಗು ಮುರಿಯಿತು.

ಕೊಳವೆ ಒಳಗೆ ಬರುತ್ತಲೇ ಕೈನಾಳ ಹೆದರಿ ಬಿಗಿದುಕೊಂಡಿತು. ಕೊಳವೆ ಅಲ್ಲೇ ನಿಂತಿತು.

"ಅಕ್ಕಾ, ಇದು ನನ್ನಿಂದಾಗದು," ಎಂದಿತು ಕೈನಾಳ.

ತೊಡೆನಾಳ ಹಿಗ್ಗಿತು. ಆದರೆ ಮೇಲೆ ಹೃದಯ ಒದ್ದಾಡುವುದು ಅದಕ್ಕೂ ಕೇಳಿಸುತ್ತಿತ್ತು. "ಮೈ ಸಡಿಲ ಬಿಡು ತಂಗಿ. ಡಾಕ್ಟರು ಔಷಧಿ ಬಿಡುತ್ತಿದ್ದಾರೆ. ನೀನು ಸೋತರೆ ನಾನಿದ್ದೇನೆ," ಎಂದಿತು ಒಲ್ಲದ ಮನಸ್ಸಿನಿಂದ. ಕೈನಾಳ ಸಡಿಲವಾಯಿತು, ಕೊಳವೆ ಸಾಗಿತು, ಸ್ಟೆಂಟ್ ಕೂತಿತು, ಹೃದಯ ನಿರಾಳವಾಗಿ ಬಡಿಯತೊಡಗಿತು.

ವಾರ್ಡಿಗೆ ಬಂದ ಮೇಲೂ ತೊಡೆನಾಳ ಮುಖ ಊದಿಸಿಕೊಂಡೇ ಇತ್ತು. ಪಕ್ಕದ ಮಂಚದ ಶರಣಮ್ಮನ ಕೈನಾಳ ತೀರಾ ಸಣ್ಣದಾಗಿದ್ದರಿಂದ ಅವಳಿಗೆ ತೊಡೆಯಿಂದಲೇ ಕೊಳವೆ ಹಾಕಿದ್ದರು. ಅವಳ ತೊಡೆನಾಳವನ್ನು ಇದು ಹೊಟ್ಟೆಕಿಚ್ಚಿನಿಂದ ಕೇಳಿತು: "ಗೌರವ ಹೇಗಿದೆ?"

"ಗೌರವವೇನೋ ದೊಡ್ಡದೇ. ರಕ್ತ ಸೋರದಿರಲೆಂದು ಹೇರಿದ ಮರಳಿನ ಚೀಲ ಹೊತ್ತು ಬಿದ್ದಿದ್ದೇನೆ. ಕಾಲು ಮಡಚುವ ಹಾಗಿಲ್ಲ, ಎಲ್ಲವೂ ಮಲಗಿದಲ್ಲೇ."

ಅಷ್ಟರಲ್ಲಿ ಕೊಟ್ರವ್ವ ಮಂಚದಿಂದಿಳಿದು, ಕೈಗೆ ಪಟ್ಟಿ ಕಟ್ಟಿಕೊಂಡೇ, ಯಾರ ಹೆಗಲನ್ನೂ ಹಿಡಿಯದೆ ಬಚ್ಚಲಿಗೆ ನಡೆದಳು. ಹೆಜ್ಜೆ ಹೆಜ್ಜೆಗೂ ತೊಡೆನಾಳದಲ್ಲಿ ರಕ್ತ ಕುಣಿಯಿತು. ಬಾಗಿಲ ಹತ್ತಿರ ಅದು ಮೆಲ್ಲಗೆ ಕೈನಾಳವನ್ನು ಕರೆಯಿತು.

"ತಂಗಿ, ಇನ್ನೊಮ್ಮೆ ಕರೆ ಬಂದರೂ ನೀನೇ ಹೋಗಮ್ಮ."