ಸಿಪಿಲೆಯ ಬಾಲ ನಿಲ್ಲದೆ ಹೋದದ್ದು

ಹೊಳೆಗೆ ತನ್ನ ದಾರಿ ಇನ್ನೂ ಬಾಯಿಪಾಠವಾಗಿರದ ಕಾಲ ಅದು. ಲೋಕ ಹೊಸದು. ಕಲ್ಲುಗಳು ಕೂಡ ತಮ್ಮ ತಮ್ಮ ಜಾಗ ಹುಡುಕುತ್ತಾ ಉರುಳುತ್ತಿದ್ದವು. ಗಾಳಿ, ನೀರು, ಹಕ್ಕಿ, ಮನುಷ್ಯ ಎಲ್ಲರಿಗೂ ಒಂದೇ ಮಾತು.

ಆಗ ಸಿಪಿಲೆಯ ಬಾಲ ಅಲುಗುತ್ತಿರಲಿಲ್ಲ. ಹಳದಿ ಹೊಟ್ಟೆಯ, ಬೂದು ಬೆನ್ನಿನ ಆ ಪುಟ್ಟ ಹಕ್ಕಿ ಚಳಿಗಾಲಕ್ಕೆ ಬಡಗಣ ಬೆಟ್ಟಗಳಿಂದ ಬಂದು, ಹೊಳೆಯ ಕಲ್ಲಿನ ಮೇಲೆ ಬಾಲವನ್ನು ಕಡ್ಡಿಯ ಹಾಗೆ ಚಾಚಿ ಕೂರುತ್ತಿತ್ತು. ತೆಂಕಣ ಗಾಳಿ ಎದ್ದ ದಿನ ಅದರ ಜೊತೆ ತನ್ನ ಬೆಟ್ಟಗಳಿಗೆ ಮರಳುತ್ತಿತ್ತು. ಅಲ್ಲಿ ಗೂಡು ಕಟ್ಟಬೇಕು, ಮೊಟ್ಟೆಯಿಡಬೇಕು.

ಆ ಹೊಳೆಯ ದಡದಲ್ಲಿ ಮಾಚಿ ಎಂಬ ಹೆಂಗಸು ಮೀನು ಹಿಡಿದು ಬದುಕುತ್ತಿದ್ದಳು. ಚಳಿಯಲ್ಲಿ ಮೀನು ಮೇಲಕ್ಕೆ ಬರುವುದಿಲ್ಲ. ತಳದಲ್ಲೇ ಇದ್ದು, ಕಲ್ಲಿನಡಿಯ ಹುಳಗಳನ್ನಷ್ಟೇ ತಿನ್ನುತ್ತದೆ. ಆ ಹುಳವೋ ಗಾಳಕ್ಕೆ ಚುಚ್ಚಿದರೆ ಒಡೆದುಹೋಗುವಷ್ಟು ಮೆದು. ಹಾಗಾಗಿ ಮಾಚಿ ಮೀನನ್ನು ಮರುಳು ಮಾಡಲು ಸುಳ್ಳು ಹುಳವೊಂದನ್ನು ಕಟ್ಟಲು ಕೂತಳು. ಬಾಗಿದ ಕಾರೆಮುಳ್ಳೇ ಗಾಳ. ಅದಕ್ಕೆ ಮೊಲದ ತುಪ್ಪಟ ಸುತ್ತಿ ಮೈ ಮಾಡಿದಳು. ಮುಳುಗಲೆಂದು ತಲೆಗೆ ಒಂದು ಕಲ್ಲುಹರಳು. ಎಕ್ಕದ ನಾರಿನಿಂದ ಬಿಗಿದು, ಗಂಟಿಗೆ ಅರಗು ಹಚ್ಚಿದಳು.

ನೀರಿಗೆ ಬಿಟ್ಟಳು. ಮೀನು ಬಂದು, ನೋಡಿ, ಹೊರಟುಹೋಯಿತು.

"ಏನು ಕಡಿಮೆಯಾಗಿದೆ ಇದಕ್ಕೆ?" ಎಂದು ಹೊಳೆಯನ್ನು ಕೇಳಿದಳು.

"ಸುಮ್ಮನೆ ಕೂತಿದೆಯಲ್ಲೇ," ಎಂದಿತು ಹೊಳೆ. "ನನ್ನೊಳಗೆ ಸುಮ್ಮನೆ ಕೂತ ಹುಳ ಯಾವುದಿದೆ? ನಾನೇ ಕೂತಿಲ್ಲ."

ಮಾಚಿ ಸಿಪಿಲೆಯತ್ತ ತಿರುಗಿದಳು. "ನಿನ್ನ ಬಾಲದ ಎರಡು ಅಂಚಿನ ಗರಿ ಕೊಡ್ತೀಯಾ? ನೀರಲ್ಲಿ ಹೊಯ್ದಾಡೋಕೆ ಅಷ್ಟು ನಯವಾದದ್ದು ಬೇರೆ ಇಲ್ಲ."

"ಕೊಟ್ಟು, ನಾನೇನು ಮೋಟು ಬಾಲದಲ್ಲಿ ಮೆರೆಯಲಾ?"

"ದಿನಾ ಕಲ್ಲು ಎತ್ತೋಳು ನಾನು. ಅಡಿಯ ಹುಳ ಹೆಕ್ಕಿ ತಿನ್ನೋದು ನೀನು. ನೆನಪಿರಲಿ."

ಸಿಪಿಲೆ ಬಾಲದತ್ತ ಕೊಕ್ಕು ತಿರುಗಿಸಿತು. ಆಮೇಲೆ ಎರಡು ಗರಿ ಕಿತ್ತು ಕೊಟ್ಟಿತು. "ತೆಂಕಣ ಗಾಳಿ ಏಳೋದ್ರೊಳಗೆ ವಾಪಸು ಕಟ್ಟಿಕೊಡಬೇಕು. ಅವಿಲ್ಲದೆ ಬೆಟ್ಟ ದಾಟಲಾರೆ."

ಮಾಚಿ ಹುಳವನ್ನು ತಲೆಯ ಕಡೆ ಬಿಗಿಯಾಗಿ, ಬಾಲದ ಕಡೆ ಸಡಿಲವಾಗಿ ಕಟ್ಟಿದಳು. ಗರಿ ಎದ್ದು ನಿಲ್ಲಲೆಂದು ಅದರ ಬುಡದಡಿ ಇನ್ನೊಂದು ಸುತ್ತು ನಾರು ಕೊಟ್ಟಳು. ನೀರಿಗಿಳಿದ ಹುಳ ಜೀವ ಬಂದಂತೆ ಹೊಯ್ದಾಡಿತು. ಚಳಿಗಾಲವೆಲ್ಲ ಅವಳ ಒಲೆಯ ಮೇಲೆ ಮೀನಿತ್ತು.

ಒಂದು ಮಧ್ಯಾಹ್ನ ದೊಡ್ಡ ಮೀನೊಂದು ನಾರು ತುಂಡರಿಸಿ, ಹುಳವನ್ನು ಬಾಯಲ್ಲಿಟ್ಟುಕೊಂಡೇ ಮಡುವಿಗೆ ಇಳಿಯಿತು. ಆ ಸಂಜೆಯೇ ಹುಲ್ಲೆಲ್ಲ ಬಡಗಣಕ್ಕೆ ಬಾಗಿತು.

"ಬಂದೆ," ಎಂದಿತು ತೆಂಕಣ ಗಾಳಿ. "ಬೆಳಕು ಹರಿದರೆ ಹೊರಟೆ."

"ನನ್ನ ಗರಿ?" ಎಂದಿತು ಸಿಪಿಲೆ.

ಮಾಚಿ ತುಂಡಾದ ನಾರನ್ನು ತೋರಿಸಿದಳು.

ಸಿಪಿಲೆ ಹಾರಿ ನೋಡಿತು. ಎಡಕ್ಕೆ ತಿರುಗಲು ಹೋದರೆ ಬಲಕ್ಕೆ ವಾಲಿತು. ಮತ್ತೆ ಹಾರಿತು, ಮತ್ತೆ ವಾಲಿತು. ಕಲ್ಲಿಂದ ಕಲ್ಲಿಗೆ ಓಡಾಡಿತು.

ನಸುಕಿನಲ್ಲೇ ಮಾಚಿ ಮೊಣಕಾಲುದ್ದ ನೀರಿನಲ್ಲಿ ಬೆಳ್ಳಕ್ಕಿಯ ಹತ್ತಿರ ಹೋದಳು. "ಅಣ್ಣಾ, ಎರಡು ಗರಿ."

"ನನ್ನದು ಬಿಳಿ. ಅದರ ಬಾಲ ಕಪ್ಪು. ಚೆನ್ನಾಗಿ ಕಾಣುತ್ತಾ?"

"ಕಾಣೋದು ಬೇಡ, ದಾಟಿದರೆ ಸಾಕು."

ಬೆಳ್ಳಕ್ಕಿ ಕೊಟ್ಟಿತು. ಬೆಳಕು ಹರಿಯುತ್ತಿತ್ತು. ಗಾಳಿ ಆಗಲೇ ಮರಗಳನ್ನು ಅಲುಗಿಸುತ್ತಿತ್ತು. ಮಾಚಿ ಆತುರಾತುರವಾಗಿ ಬಾಲದ ಎರಡೂ ಅಂಚಿಗೆ ಬಿಳಿ ಗರಿ ಇಟ್ಟು, ನಾರು ಸುತ್ತಿ, ಅರಗು ಹಚ್ಚಿ ಕೈ ಬಿಟ್ಟಳು.

ಬಾಲ ಮೇಲೆದ್ದಿತು. ಇಳಿಯಿತು. ಮತ್ತೆ ಎದ್ದಿತು.

"ಇದನ್ನ ನಿಲ್ಲಿಸು," ಎಂದಿತು ಸಿಪಿಲೆ.

"ನೀನೇ ನಿಲ್ಲಿಸು."

"ನಿಲ್ತಾ ಇಲ್ಲ."

ಮಾಚಿ ತನ್ನ ಬೆರಳುಗಳನ್ನೇ ನೋಡಿಕೊಂಡಳು. ಚಳಿಗಾಲವೆಲ್ಲ ಹುಳ ಕಟ್ಟಿದ ಕೈ ಹಕ್ಕಿಯನ್ನೂ ಹಾಗೆಯೇ ಕಟ್ಟಿತ್ತು. ಬಾಲದ ಕಡೆ ಸಡಿಲ, ಬುಡದಡಿ ಒಂದು ಸುತ್ತು ಹೆಚ್ಚು. "ತಾಳು, ಬಿಚ್ಚಿ ಕಟ್ಟುತ್ತೇನೆ." ಉಗುರು ಹಾಕಿದಳು. ಅರಗು ಆಗಲೇ ಗಟ್ಟಿಯಾಗಿತ್ತು.

"ನಾನು ಕಾಯೋದಿಲ್ಲ," ಎಂದಿತು ಗಾಳಿ, ಆಗಲೇ ದೂರದಿಂದ.

ಸಿಪಿಲೆ ಹಾರಿತು. ಎದ್ದಿತು, ಬಿದ್ದಿತು, ಎದ್ದಿತು, ಬಿದ್ದಿತು. ಬೆಟ್ಟದ ಅಂಚಿನಲ್ಲಿ ಮಾಚಿ ಅದನ್ನು ಕೊನೆಯ ಸಲ ಕಂಡಾಗ ಅದು ಬೀಳುತ್ತಿತ್ತು.

ಬೇಸಿಗೆ ಹೋಯಿತು, ಮಳೆ ಹೋಯಿತು. ಮಾಚಿಗೆ ಕೂತಲ್ಲಿ ಕೂರಲಾಗಲಿಲ್ಲ. ಹುಳ ಕಟ್ಟಲು ಕೂತರೆ ಅರ್ಧಕ್ಕೇ ಎದ್ದು ಆಕಾಶ ನೋಡುವಳು.

ಚಳಿ ಬಿದ್ದ ಒಂದು ಬೆಳಿಗ್ಗೆ ಬೆನ್ನ ಹಿಂದಿನಿಂದ ಮಾತು ಕೇಳಿತು. "ಕಲ್ಲು ಎತ್ತೋದು ಬಿಟ್ಟೆಯೇನೇ? ಹಸಿವಾಗಿದೆ."

ಮಾಚಿ ತಿರುಗಲಿಲ್ಲ. ಮೊದಲು ಕಣ್ಣೊರೆಸಿಕೊಂಡಳು. "ದಾಟಿದೆಯಾ?"

"ನೀನು ಕಟ್ಟಿದ ಬಾಲ ಸುಮ್ಮನೆ ಬಿಡುತ್ತಾ? ಬಿದ್ದಾಗೆಲ್ಲ ಎತ್ತಿ ಎತ್ತಿ ಹಾಕಿತು. ನಾಲ್ಕು ಮರಿ ಆದವು. ಅವಕ್ಕೂ ಇದೇ ರೋಗ."

"ಅರಗು ಕಾಯಿಸಿ ಬಿಗಿಯಾಗಿ ಕಟ್ಟಿಕೊಡಲಾ?"

"ಬೇಡ. ಕಲ್ಲು ಎತ್ತು."

ಮಾಚಿ ಕಲ್ಲು ಎತ್ತಿದಳು.

ಅದಕ್ಕೇ ಮಗು, ಈಗಲೂ ಚಳಿಗಾಲದಲ್ಲಿ ಹೊಳೆಯ ಕಲ್ಲಿನ ಮೇಲೆ ಬಿಳಿ ಅಂಚಿನ ಬಾಲದ ಸಿಪಿಲೆ ಬಂದು ಕೂತಾಗ ನೋಡು, ಹಕ್ಕಿ ನಿಂತಿರುತ್ತದೆ, ಬಾಲ ಮಾತ್ರ ಹೊರಟೇ ಇರುತ್ತದೆ.