ಈಯಮ್ಮ ಯಾರೋ ಗೊತ್ತಿಲ್ಲ ಸಾ

ಊರು ಯಾವ್ದು ಅಂತ ಮಾತ್ರ ಕೇಳ್ಬೇಡಿ. ಈ ಕತೇಲಿರೋ ಆಯಮ್ಮ ಈಗ್ಲೂ ಅಲ್ಲೇ ಇದಾಳೆ, ಊರಿನ ಹೆಸರೆತ್ತಿದ್ರೆ ನಾಚ್ಕೋತಾಳೆ. ದೊಡ್ಡ ಸಿಟಿ, ಅದರೊಳಗೊಂದು ಸಣ್ಣ ಗಲ್ಲಿ, ಗಲ್ಲೀಲಿ ಎಂಟನೇ ನಂಬರ್ ಮನೆ. ಆ ಮನೇಲಿ ಟೈಲರ್ ಚಿಕ್ಕತಾಯಮ್ಮ. ಬ್ಲೌಸ್ ಹೊಲಿಯೋದ್ರಲ್ಲಿ ಎತ್ತಿದ ಕೈ. ಅವಳಿಗೊಬ್ಬ ಮಗ, ದೊರೆಸ್ವಾಮಿ. ಇಪ್ಪತ್ನಾಲ್ಕು ವರ್ಷದ ಆರಡಿ ಆಳು. ಹೇಳಿದ ಮಾತು ಒಂದಕ್ಷರ ಬಿಡದೆ ಮಾಡೋನು. ಅದೇ ತೊಂದ್ರೆ!

"ದೊರೆ, ಹಾಲು ಉಕ್ಕೋವರೆಗೂ ನೋಡ್ತಿರು ಕಣ್ಲಾ" ಅಂದ್ರೆ ನೋಡ್ತಿರೋನು.

"ಉಕ್ಕಿತೇನ್ಲಾ?"

"ಉಕ್ಕಿ ಆಗ್ಲೇ ಹೊತ್ತಾಯ್ತು ಕಣವ್ವ. ಈಗ ಒಲೇನೂ ಆರೋಯ್ತು."

ಗಲ್ಲಿಯೋರು "ಅಲ್ಲ ಚಿಕ್ಕತಾಯಮ್ಮ, ನಿಮ್ ದೊರೆ..." ಅಂತ ಬಾಯಿ ತೆಗೆದ್ರೆ ಸಾಕು, ಅವಳು ಸೆರಗಲ್ಲಿ ಮುಖ ಮುಚ್ಕೊಂಡು ಒಳಗೆ ಹೋಗ್ಬಿಡೋಳು. ಮುಂದಿನ ಮಾತು ಕೇಳೋ ಶಕ್ತಿ ಅವಳಿಗಿರಲಿಲ್ಲ.

ಆ ಗಲ್ಲಿ ತುದೀಲೊಂದು ಕಸದ ಗುಡ್ಡೆ. ಅಕ್ಕಪಕ್ಕದ ನಾಲ್ಕು ಬೀದಿ ಕಸ ಎಲ್ಲಾ ಅಲ್ಲಿಗೇ. ಯಾರೋ ಬೆಂಕಿ ಇಡೋರು, ಪ್ಲಾಸ್ಟಿಕ್ ಹೊಗೆ ಮಕ್ಕಳ ಎದೇಲಿ ಕೂರೋದು. ವಾರ್ಡ್ ಮೆಂಬರ್ ಜವರಪ್ಪನಿಗೆ ಹತ್ತು ಸಲ ಹೇಳಿದ್ರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಗಲ್ಲಿಯ ಹುಡುಗ್ರು ಹುಡುಗೀರು ಸೇರಿ ಬಂದು, "ವಾರ್ಡ್ ಸಭೆ ಕರೀತಾರಂತೆ. ನಮ್ಮೆಲ್ಲರ ಪರವಾಗಿ ನೀವೇ ಮಾತಾಡ್ಬೇಕು ಚಿಕ್ಕತಾಯಮ್ಮ" ಅಂದ್ರು. ಅವಳು ಹೂಂ ಅಂದ್ಲು. ಅಂದಾಗಿನಿಂದ ಅವಳಿಗೊಂದೇ ಭಯ: ನಾಲ್ಕು ಜನರ ಮುಂದೆ ಈ ಮಗ ನನ್ನ ಮಾನ ಕಳೀದೆ ಇದ್ರೆ ಸಾಕು!

"ಮನೇಲಿ ಕೂತ್ರೆ ತಾನೇ ತಾಪತ್ರಯ. ಕೆಲಸಕ್ಕೆ ಹೋಗ್ಲಾ" ಅಂತ ಅವನನ್ನ ಇಂಪನಾ ಅಂಗಡಿಗೆ ಸೇರಿಸಿದ್ಲು.

ಇಂಪನಾ ಅನ್ನೋಳು ಫ್ಯಾಷನ್ ಓದಿ ಬಂದ ಚೂಟಿ ಹುಡುಗಿ. ಹಳೇ ಸೀರೆ, ಹಳೇ ಪಂಚೆ, ಹಳೇ ಜೀನ್ಸು ತಗೊಂಡು ಹೊಸ ನಮೂನೆ ಬಟ್ಟೆ ಮಾಡೋಳು. "ಕೊಂಡು ಕೊಂಡು ಬಿಸಾಕಿ ಭೂಮಿ ತುಂಬಿಸ್ಬೇಡ್ರಪ್ಪ" ಅನ್ನೋದು ಅವಳ ಮಾತು. ಕಾಲೇಜು ಹುಡುಗ್ರು ಸಾಲಲ್ಲಿ ನಿಂತು ಕೊಳ್ಳೋರು. ಮೊದಲನೇ ದಿನ ದೊರೆ ಕೈಗೆ ಕತ್ತರಿ ಕೊಟ್ಟು ಹೇಳಿದ್ಲು: "ಅಂಗಡಿ ಒಳಗೆ ಹಳೇ ಜೀನ್ಸ್ ಕಂಡ್ರೆ ಚೌಕ ಚೌಕ ಕತ್ತರಿಸಿಡು. ಬ್ಯಾಗ್ ಮಾಡೋಣ."

"ಆಯ್ತಕ್ಕ!"

ಒಬ್ಬ ಹುಡುಗ ಬಂದ. ಹೊಸ ಪ್ಯಾಂಟು ಹಾಕಿ ನೋಡೋಕೆ ಟ್ರಯಲ್ ರೂಮಿಗೆ ಹೋದ. ತನ್ನ ಜೀನ್ಸು ಬಿಚ್ಚಿ ಬಾಗಿಲ ಮೇಲೆ ಹಾಕಿದ. ದೊರೆ ಕಂಡ. ಹಳೇದು! ಕರಕರ ಕರಕರ ಕತ್ತರಿಸಿದ. ಹೊಸ ಪ್ಯಾಂಟು ಆ ಹುಡುಗನಿಗೆ ಮೊಣಕಾಲಿಂದ ಮೇಲಕ್ಕೆ ಏರಲೇ ಇಲ್ಲ. ಪಾಪ, ಕೊನೆಗೆ ಕಿಟಕಿ ಪರದೆ ಸುತ್ಕೊಂಡು ಮನೆಗೆ ಹೋದ.

ಸುದ್ದಿ ಎಂಟನೇ ನಂಬರಿಗೆ ಬಂತು. ಚಿಕ್ಕತಾಯಮ್ಮನ ಮುಖ ಕೆಂಪಗಾಯ್ತು.

"ಅಯ್ಯೋ ನನ್ ಹಣೇಬರವೇ! ಕತ್ತರಿ ಹಾಕೋಕೆ ಮುಂಚೆ ಯಾರದು ಅಂತ ಕೇಳ್ಬಾರ್ದೇನ್ಲಾ? ಇನ್ಮೇಲೆ ಏನೇ ಕಂಡ್ರೂ 'ಇದು ಯಾರ್ದು? ಇದು ಯಾರ್ದು?' ಅಂತ ಎಲ್ರಿಗೂ ಕೇಳೋಹಂಗೆ ಕೂಗು!"

"ಆಯ್ತವ್ವ! ಕೂಗ್ತೀನಿ!"

ಆ ಅಂಗಡೀಲಿ ಟೇಪ್ ಹಿಡಿದು ಅಳತೆ ತಗೊಳ್ಳೋ ಪದ್ಧತಿ ಇಲ್ಲ. ಕ್ಯಾಮೆರಾ ಮುಂದೆ ನಿಂತ್ರೆ ಸಾಕು, ಮೈ ಅಳತೆ ಪೂರ್ತಿ ಪರದೆ ಮೇಲೆ ಬರುತ್ತೆ. ಮಾರನೇ ದಿನ ಕ್ಯಾಮೆರಾ ಮುಂದೆ ಬಂದು ನಿಂತೋರು ಯಾರು? ಜವರಪ್ಪನ ಹೆಂಡತಿ ಪ್ರೇಮಕ್ಕ! ಜೊತೆಗೆ ಮಹಿಳಾ ಸಂಘದ ಹನ್ನೆರಡು ಜನ. ಪರದೆ ಮೇಲೆ ಅಂಕಿ ಮೂಡ್ತು. ದೊರೆ ಕಂಡ. ಗಂಟಲು ಸರಿಮಾಡ್ಕೊಂಡ.

"ಇದು ಯಾರ್ದು? ಈ ನಲವತ್ನಾಲ್ಕು ಇಂಚು ಸೊಂಟ ಯಾರ್ದು?"

ಪ್ರೇಮಕ್ಕ ಅಲ್ಲಾಡಲಿಲ್ಲ.

"ಯಾರ್ದು ಅಂತ ಹೇಳ್ರೀ! ನಲವತ್ನಾಲ್ಕು! ರಸ್ತೇಲಿ ಯಾರಾದ್ರೂ ಬಿಟ್ಟು ಹೋದ್ರಾ? ಇದು ಯಾರ್ದು?"

ಹನ್ನೆರಡು ಜನರೂ ಬಾಯಿಗೆ ಸೆರಗು ಅಡ್ಡ ಇಟ್ಕೊಂಡ್ರು. ಪ್ರೇಮಕ್ಕ ದಡದಡ ಮೆಟ್ಟಿಲಿಳಿದು ಹೋದ್ಲು.

ಚಿಕ್ಕತಾಯಮ್ಮ ಹಣೆ ಹಣೆ ಚಚ್ಕೊಂಡ್ಲು. "ಕಸ ತೆಗಿಸ್ಬೇಕಾದೋನ ಹೆಂಡ್ತೀನೇ ಸಿಕ್ಕಿದ್ಲೇನ್ಲಾ ನಿಂಗೆ! ಬೇರೆಯೋರ ವಿಷ್ಯ ಹಂಗೆ ಕೂಗ್ತಾರಾ? ಇನ್ಮೇಲೆ ಯಾರಿಗೆ ಏನ್ ಹೇಳೋದಿದ್ರೂ ಹತ್ರ ಹೋಗಿ ಕಿವೀಲಿ ಹೇಳು. ಮೆಲ್ಲಗೆ!"

"ಆಯ್ತವ್ವ. ಮೆಲ್ಲಗೆ."

ಅಷ್ಟರಲ್ಲಿ 'ನಾಳೇನೇ ವಾರ್ಡ್ ಸಭೆ' ಅಂತ ನೋಟೀಸು ಬಂತು. ಗಲ್ಲಿಯ ಹುಡುಗ್ರಿಗೆ ರಜಾ ಇಲ್ಲ. ಆಫೀಸಿಗೆ ಹೊರಡೋ ಅವಸರದಲ್ಲಿ ಒಂದು ಮೈಕು ತಂದು ದೊರೆ ಕೈಗೆ ಕೊಟ್ರು. "ನಾಳೆ ಹತ್ತು ಗಂಟೆಗೆ ಬನ್ನಿ ಅಂತ ಮನೆ ಮನೆಗೂ ಸಾರ್ಬಿಡಪ್ಪ. ದೊಡ್ಡೋರೆಲ್ಲ ಬಂದು ಚಿಕ್ಕತಾಯಮ್ಮನ ಹಿಂದೆ ನಿಂತ್ಕೊಳ್ಳಲಿ."

ದೊರೆ ಮೈಕನ್ನ ಕಂಕುಳಲ್ಲಿ ಇಟ್ಕೊಂಡ. ಮೊದಲ ಮನೆ ಮುಂದೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ರಂಗೋಲಿ ಬಿಡ್ತಿದ್ಲು. ಇವನು ಹೆಜ್ಜೆ ಸಪ್ಪಳ ಮಾಡದೆ ಹತ್ರ ಹೋದ. ಬಗ್ಗಿದ. ಕಿವಿ ಹತ್ರ ಬಾಯಿಟ್ಟ.

"ನಾಳೆ ಹತ್ತು ಗಂಟೆಗೆ ಬನ್ನಿ."

ಆ ಹುಡುಗಿ ಕಿಟಾರನೆ ಕಿರುಚಿದ್ಲು. ಗಂಡ ಬನಿಯನ್ನಲ್ಲೇ ಹೊರಗೋಡಿ ಬಂದ. ದೊರೆ ಅವನ ಕಿವೀಗೂ ಬಗ್ಗಿ, "ನೀವೂ ಬನ್ನಿ" ಅಂದ.

ಫಟಾರ್ ಅಂತ ಬಿತ್ತು ಕೆನ್ನೆಗೆ! ಗಲ್ಲೀಲಿದ್ದ ಬಾಗಿಲುಗಳೆಲ್ಲ ಒಂದೊಂದಾಗಿ ಮುಚ್ಕೊಂಡ್ವು.

ಊದಿದ ಕೆನ್ನೆ ಹಿಡ್ಕೊಂಡು ಮಗ ಮನೆಗೆ ಬಂದ. ಚಿಕ್ಕತಾಯಮ್ಮ ಈ ಸಲ ಕೂಗಾಡಲಿಲ್ಲ. ಮಿಷನ್ ಮುಂದೆ ಕೂತು ಅವನ ಮುಖ ನೋಡದೇನೇ ಹೇಳಿದ್ಲು. "ನೋಡು ದೊರೆ. ನಾಳೆ ಸಭೇಲಿ ಹಿಂದಿನ ಸಾಲಲ್ಲಿ ಕೂತ್ಕೊ. ನಾನು ನಿನ್ ಅವ್ವ ಅಂತ ಬಾಯಿ ಬಿಡ್ಬೇಡ. ಯಾರೇ ಕೇಳ್ಲಿ, ಈಯಮ್ಮ ಯಾರೋ ಗೊತ್ತಿಲ್ಲ ಅನ್ನು. ನನ್ ಮಾನ ಉಳಿಸು."

ದೊರೆ ಕೆಳಗೆ ಬಿದ್ದಿದ್ದ ದಾರದ ಉಂಡೆ ಎತ್ತಿ ಮಿಷನ್ ಮೇಲಿಟ್ಟ. ಆಮೇಲೆ, "ಆಯ್ತವ್ವ" ಅಂದ.

ಮಾರನೇ ದಿನ ಸಭೆ. ಬೇರೆ ಬೀದಿ ಜನ ತುಂಬಿದ್ರು, ಈ ಗಲ್ಲಿಯೋರು ಮಾತ್ರ ಒಬ್ಬರೂ ಬಂದಿರಲಿಲ್ಲ. ಬಾಗಿಲು ಮುಚ್ಕೊಂಡೋರಿಗೆ ಸಭೆ ಸುದ್ದಿ ಹೆಂಗೆ ಗೊತ್ತಾಗ್ಬೇಕು? ಚಿಕ್ಕತಾಯಮ್ಮ ಒಬ್ಬಳೇ ಎದ್ದು ನಿಂತ್ಲು. "ಸಾ, ನಮ್ ಗಲ್ಲಿ ತುದೀಲಿ ಕಸ..." ಅನ್ನೋದ್ರೊಳಗೆ ಜವರಪ್ಪ ತಡೆದ. ಹೆಂಡ್ತಿ ಸೊಂಟದ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಈಕೆ ನಮ್ ವಾರ್ಡಿನೋರೇ ಅಲ್ಲ!"

ಮೇಜಿನ ಹಿಂದೆ ಕೂತಿದ್ದ ವಯಸ್ಸಾದ ಆಫೀಸರು ಕನ್ನಡಕ ಏರಿಸಿದ್ರು. "ಗುರುತಿನ ಚೀಟಿ ಇದೆಯೇನಮ್ಮ?"

ಚೀಟಿ ಮನೇಲಿತ್ತು. ಅವಳು ಸುತ್ತ ನೋಡಿದ್ಲು. ಗುರ್ತಿರೋ ಮುಖ ಇದ್ದಿದ್ದು ಒಂದೇ. ನಾಚ್ಕೊಂಡೇ ಬೆರಳು ಮಾಡಿದ್ಲು. "ಅದೋ, ಅವನನ್ನ ಕೇಳಿ ಸಾ."

ದೊರೆ ಎದ್ದು ಕೈ ಮುಗಿದ.

"ಈಯಮ್ಮ ಯಾರಪ್ಪ?"

"ಈಯಮ್ಮ ಯಾರೋ ಗೊತ್ತಿಲ್ಲ ಸಾ."

"ನಿನ್ ಮನೆ ಎಲ್ಲಿ?"

"ಎಂಟನೇ ನಂಬರು ಸಾ."

"ಈಯಮ್ಮಂದು?"

"ಎಂಟನೇ ನಂಬರೇ ಸಾ."

ಜನ ಕಿಸಕ್ ಅಂದ್ರು. ಆಫೀಸರಿಗೂ ತುಟಿ ಅಂಚಲ್ಲಿ ನಗು. "ಬೆಳಿಗ್ಗೆ ತಿಂಡಿ ಕೊಟ್ಟೋರು ಯಾರು?"

"ಈಯಮ್ಮನೇ ಸಾ. ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ."

"ಮತ್ತೆ ಈಯಮ್ಮ ಯಾರಯ್ಯಾ?"

"ಗೊತ್ತಿಲ್ಲ ಸಾ."

ಸಭೆಗೆ ಸಭೇನೇ ಹೊಟ್ಟೆ ಹಿಡ್ಕೊಂಡು ನಕ್ತು. ಆದ್ರೆ ದೊರೆ ಕಣ್ಣಲ್ಲಿ ನೀರು ಬರ್ತಿತ್ತು. ಅದನ್ನ ಆಫೀಸರು ಕಂಡ್ರು. ದನಿ ಇಳಿಸಿ ಕೇಳಿದ್ರು. "ಹಿಂಗನ್ನು ಅಂತ ನಿಂಗೆ ಹೇಳ್ಕೊಟ್ಟೋರು ಯಾರಪ್ಪ?"

"ಈಯಮ್ಮನೇ ಸಾ."

ನಗು ನಿಂತೋಯ್ತು. ಎಲ್ಲರ ಕಣ್ಣೂ ಚಿಕ್ಕತಾಯಮ್ಮನ ಕಡೆ ತಿರುಗ್ತು. ಅವಳು ಸೆರಗು ಹುಡುಕಿದ್ಲು, ಮುಖಕ್ಕೆ ಎತ್ತೋಕೆ ಕೈ ಬರಲಿಲ್ಲ. ಮಗನಿಂದ ಎಷ್ಟೋ ಸಲ ನಾಚ್ಕೊಂಡಿದ್ಲು. ಈ ನಾಚಿಕೆ ಬೇರೆ. ಇದು ಅವಳದೇ. ಕಸದ ಮಾತು ಅರ್ಧಕ್ಕೇ ಬಿಟ್ಲು. ಮಗನ ಕೈ ಹಿಡ್ಕೊಂಡು ಹೊರಗೆ ನಡೆದ್ಲು.

ದಾರೀಲಿ ನಿಂತು ಅವನ ಕೆನ್ನೆ ಸವರಿದ್ಲು. "ತಪ್ಪು ನಂದು ಕಣಪ್ಪ. ಇನ್ಮೇಲೆ ಕೇಳಿದೋರಿಗೂ ಹೇಳು, ಕೇಳದೆ ಇದ್ದೋರಿಗೂ ಹೇಳು. ನಾನೇ ನಿನ್ ಅವ್ವ ಅಂತ ಈ ವಾರ್ಡಿಗೆಲ್ಲ ಗೊತ್ತಾಗ್ಲಿ."

"ವಾರ್ಡಿಗೆಲ್ಲಾನಾ ಅವ್ವ?"

"ವಾರ್ಡಿಗೆಲ್ಲ!"

ಹದಿನೈದು ದಿನ ಕಳೀತು. ವಾರ್ಡ್ ಆಫೀಸಿನೋರು ಪ್ಲಾಸ್ಟಿಕ್ ಬಿಡಿಸೋ ಕಾರ್ಯಕ್ರಮಕ್ಕೆ ಅಂತ ಇಂಪನಾ ಅಂಗಡಿಗೆ ಇನ್ನೂರು ಬಟ್ಟೆ ಚೀಲ ಹೇಳಿದ್ರು. ಹಳೇ ಸೀರೆ ಚೀಲ, ಮೇಲೊಂದು ಒಳ್ಳೇ ಮಾತು. ಅಕ್ಷರ ಒತ್ತಿ ಕೊಟ್ರೆ ಕಂಪ್ಯೂಟರ್ ಮಿಷನ್ನೇ ಕಸೂತಿ ಹಾಕುತ್ತೆ. ಇಂಪನಾ ಎಲ್ಲಿಗೋ ಹೊರಟಿದ್ಲು. "ವಾರ್ಡಿಗೆಲ್ಲ ಗೊತ್ತಾಗ್ಬೇಕಾದ ಮಾತು ಚೀಲದ ಮೇಲೆ ಬರ್ಬೇಕು ದೊರೆ. ಯಾವ್ದು ಅಂತ ಗೊತ್ತಲ್ಲ?"

"ಗೊತ್ತಕ್ಕ! ಚೆನ್ನಾಗಿ ಗೊತ್ತು!"

ಇನ್ನೂರು ಚೀಲ ಹೊಲಿದ. ನೀಟಾಗಿ ಮಡಚಿದ. ಕಟ್ಟು ಕಟ್ಟಿ ವೇದಿಕೆಗೆ ಕಳಿಸಿದ.

ಕಾರ್ಯಕ್ರಮದ ದಿನ ಜವರಪ್ಪ ಮೈಕ್ ಮುಂದೆ ನಿಂತ. ಮಡಚಿದ ಚೀಲ ಕೈಗೆತ್ಕೊಂಡ. "ಈ ಚೀಲದ ಮೇಲಿರೋ ಮಾತು ಬರೀ ಮಾತಲ್ಲ! ದಿನಾ ಬೆಳಿಗ್ಗೆ ಎದ್ದು ನಾನು ಮನೇಲಿ ಹೇಳೋ ಮಾತು!" ಅಂತ ಬಿಚ್ಚಿ ಜನರ ಕಡೆ ಹಿಡಿದ.

ಹಸಿರು ಸೀರೆ ಮೇಲೆ ಕೆಂಪು ದಾರದಲ್ಲಿ ದಪ್ಪ ಅಕ್ಷರ: 'ಚಿಕ್ಕತಾಯಮ್ಮನೇ ನಮ್ಮವ್ವ.'

ಪ್ರೇಮಕ್ಕ ಮೊದಲು ಓದಿದ್ಲು. ಗಂಡನ್ನ ನೋಡಿದ್ಲು. ಅಷ್ಟರಲ್ಲಿ ಇನ್ನೂರು ಚೀಲಾನೂ ಜನರ ಕೈಗೆ ಹೋಗಿತ್ತು. ಮುದುಕರು ಓದಿದ್ರು, ಮಕ್ಕಳು ಕೂಗಿ ಕೂಗಿ ಓದಿದ್ರು. ಆ ವಯಸ್ಸಾದ ಆಫೀಸರು ಕಣ್ಣೊರಸ್ಕೊಂಡು ನಕ್ಕು, "ಸರಿ, ಈಗಲಾದ್ರೂ ಎದ್ದು ಬನ್ನಿ ತಾಯಿ. ಅವತ್ತಿನ ಮಾತು ಅರ್ಧಕ್ಕೇ ನಿಂತಿತ್ತು" ಅಂದ್ರು.

ಜನರ ನಡುವೆ ಕೂತಿದ್ದ ಚಿಕ್ಕತಾಯಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸ್ತು. ಆದ್ರೂ ಎದ್ಲು. "ಅದನ್ನ ಹೊಲಿದೋನು ನನ್ ಮಗ ಸಾ" ಅಂತ ಮೊದಲು ಅದನ್ನೇ ಹೇಳಿದ್ಲು. ಆಮೇಲೆ ಕಸದ್ದು, ಹೊಗೇದು, ಮಕ್ಕಳ ಕೆಮ್ಮಿಂದು ಎಲ್ಲಾ ಹೇಳಿದ್ಲು. ಜವರಪ್ಪ ಚೀಲದಲ್ಲಿ ಮುಖ ಮುಚ್ಕೊಂಡು ಕೂತಿದ್ದ. ಮೂರನೇ ದಿನ ಲಾರಿ ಬಂತು, ಗುಡ್ಡೆ ಎತ್ಕೊಂಡು ಹೋಯ್ತು.

ಅಲ್ಲಿಗೆ ಮುಗೀತಾ? ಮುಗೀಲಿಲ್ಲ. ಇಂಪನಾ ಚೀಲಗಳನ್ನೆಲ್ಲ ವಾಪಸ್ ತರಿಸಿದ್ಲು. ಹಾಕ್ಬೇಕಾದ ಮಾತು ಮತ್ತೆ ಹಾಕ್ಬೇಕಲ್ಲ! ಚಿಕ್ಕತಾಯಮ್ಮ ಸಂಕೋಚದಲ್ಲಿ ಕುಗ್ಗಿ, "ಕೊಡಮ್ಮ, ನಾವೇ ಸರಿಮಾಡ್ತೀವಿ" ಅಂತ ಕಟ್ಟು ಹೊತ್ಕೊಂಡು ಬಂದ್ಲು. ಮಗನ ಮುಂದೆ ಇಟ್ಟು, ಚಿಕ್ಕ ಕತ್ತರಿ ಕೊಟ್ಟು, "ಕೂತ್ಕೊಂಡು ಹೊಲಿಗೆ ಬಿಚ್ತಾ ಇರು ಕಣಪ್ಪ. ಒಂದು ಎಳೆ ಬಿಡ್ಬೇಡ" ಅಂತ ಹೇಳಿ ಮಾರ್ಕೆಟ್ಟಿಗೆ ದಾರ ತರೋಕೆ ಹೋದ್ಲು.

ವಾಪಸ್ ಬಂದು ನೋಡ್ತಾಳೆ, ಮನೆ ತುಂಬ ಬರೀ ಬಟ್ಟೆ ತುಂಡು! ಚೀಲದ ಪಕ್ಕದ ಹೊಲಿಗೆ ಬಿಚ್ಚಿದಾನೆ, ಅಡಿ ಹೊಲಿಗೆ ಬಿಚ್ಚಿದಾನೆ, ಹಿಡಿಕೆ ಹೊಲಿಗೆ ಬಿಚ್ಚಿದಾನೆ. ಒಂದೇ ಒಂದು ಚೀಲ ಉಳಿದಿಲ್ಲ. ಕೆಂಪು ಅಕ್ಷರ ಮಾತ್ರ ಇದ್ದ ಹಾಗೇ ಇದೆ, ಇನ್ನೂರು ತುಂಡಿನ ಮೇಲೂ.

"ಏನ್ಲಾ ಮಾಡ್ದೆ!"

"ಹೊಲಿಗೆ ಬಿಚ್ದೆ ಕಣವ್ವ. ಒಂದು ಎಳೆ ಬಿಟ್ಟಿಲ್ಲ."

"ಮೇಲಿರೋದು ಮತ್ತೆ?"

"ಅದು ಕಸೂತಿ ಅಲ್ವೇನವ್ವ?"